ಬದುಕಿದ್ದವನಿಗೆ ಎರಡು ನಿಮಿಷ ಮೌನ

ರುಮೈಥಿಯಾ, ಕುವೈತ್
12 ಫೆಬ್ರವರಿ 2015, ಗುರುವಾರ

ಪ್ರೀತಿಯ ಭೋಜಣ್ಣನಿಗೆ,

ಈ ತಿಂಗಳ ಒಂದನೇ ತಾರೀಖು, ಭಾನುವಾರ ಬೆಳಿಗ್ಗೆ, ನಮ್ಮ ರೇಡಿಯೊ ಬಳಗದವರು ಬದುಕಿರುವ ನಿನಗೆ ಎರಡು ನಿಮಿಷ ಮೌನ ಆಚರಿಸಿದರು. ಇದು ಅನ್ಯಾಯ. ಯಾರದು, ಎಷ್ಟು ಜನರದು ಎಂಬುದನ್ನು ಈ ಕಾಗದದಲ್ಲಿ ಬರೆಯುತ್ತೇನೆ, ನನ್ನ ಪಾಲನ್ನೂ ಬಿಡದೆ. ಅದಕ್ಕೆ ಮೊದಲು ಹೇಳು, ಹೇಗಿದ್ದೀ? ಬಲಗೈಗೆ ವ್ಯಾಯಾಮ ಮಾಡಿಸುವವನು ವಾರಕ್ಕೆ ಎರಡು ಸಲ ಬರುತ್ತಾನೋ, ಇಲ್ಲ ನೀನು ಮುಖ ಗಂಟಿಕ್ಕಿ ಓಡಿಸಿದೆಯೋ? ರಕ್ತದೊತ್ತಡದ ಮಾತ್ರೆಯನ್ನು ನಾಲಿಗೆಯ ಕೆಳಗೆ ಬಚ್ಚಿಟ್ಟು ಬಾಲ್ಕನಿಯ ಹೂಕುಂಡಕ್ಕೆ ಉಗುಳುತ್ತೀಯಂತೆ. "ನಮ್ಮ ದಾಸವಾಳಕ್ಕೆ ಈಗ ಬಿಪಿಯೇ ಇಲ್ಲ ಸದಾನಂದ, ಭಾರೀ ಆರೋಗ್ಯ" ಎಂದು ಅತ್ತಿಗೆ ಹೇಳಿದರು. ನಗು ಬಂತು. ಆದರೆ ನುಂಗು ಮಾರಾಯ. ಫೋನು ಮಾಡಿ ಹೇಳಬಹುದಿತ್ತಲ್ಲ ಎನ್ನಬೇಡ. ಹದಿನಾಲ್ಕು ತಿಂಗಳಿಂದ ಮಾಡುತ್ತಿದ್ದೇನೆ. ಅತ್ತಿಗೆ ಅದನ್ನು ನಿನ್ನ ಕಿವಿಗೆ ಹಿಡಿಯುತ್ತಾರೆ, ನಾನು ಒಂದು ಪುರಾಣ ಹೇಳುತ್ತೇನೆ, ಆಮೇಲೆ ಅವರು "ತಲೆ ಆಡಿಸಿದ್ರು" ಎನ್ನುತ್ತಾರೆ. ತಲೆ ಆಡಿಸಿದ ಸದ್ದು ಸಮುದ್ರ ದಾಟುವುದಿಲ್ಲ. ಅದಕ್ಕೇ ಹಳೆಯ ಕ್ರಮದಂತೆ ಕಾಗದ ಬರೆದು, ಊರಿಗೆ ಹೊರಟಿರುವ ನೌಷಾದನ ಕೈಯಲ್ಲಿ ಕೊಡುತ್ತಿದ್ದೇನೆ. ಮಹಬೂಲಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಉಳ್ಳಾಲದ ಹುಡುಗ. ಹುಡುಗ ಎಂದರೆ ನಲವತ್ತೆರಡು.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತಿದ್ದೇನೆ ಎಂದು ಬೇಸರಿಸಬೇಡ. ಮೂವತ್ತು ವರ್ಷ ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೆದವನ ಚಾಳಿ ಇದು. ತಪ್ಪನ್ನು ಬುಡದಿಂದ ಹಿಡಿಯದಿದ್ದರೆ ಸಂಪಾದಕರು ಬಾಲ ಕತ್ತರಿಸುತ್ತಾರೆ. ಹವ್ಯಾಸಿ ರೇಡಿಯೊದ, ಅಂದರೆ ಹ್ಯಾಮ್‌ಗಳ ನಮ್ಮ ಬಳಗದಲ್ಲಿ ನಲವತ್ತಕ್ಕೂ ಹೆಚ್ಚು ಜನ. ಕರಾವಳಿಯಿಂದ ಹೊರಟು ಪುಣೆ, ಗೋವಾ, ಗಲ್ಫ್ ಎಂದು ಚದುರಿದವರೆಲ್ಲ ಭಾನುವಾರ ಊರಿನ ಒಂಬತ್ತೂವರೆಗೆ ಒಂದೇ ತರಂಗದಲ್ಲಿ ಸೇರುವುದು. ಕಾರ್ಯದರ್ಶಿ ಹರ್ಬರ್ಟ್ ಪುಣೆಯಿಂದ ಹಾಜರಿ ಕರೆಯುತ್ತಾನೆ. ಉಳಿದವರು ಮೈಕಿನಲ್ಲಿ ಮಾತಾಡಿದರೆ ನೀನೊಬ್ಬ ಕೀಲಿ ಒತ್ತಿ ಮೋರ್ಸ್ ಸಂಕೇತದಲ್ಲಿ ಉತ್ತರಿಸುತ್ತಿದ್ದೆ. ಮೂಲ್ಕಿಯ ತಂತಿ ಕಚೇರಿಯಲ್ಲಿ ಆಯುಷ್ಯ ಕಳೆದವನು ನೀನು. "ನಾಲಿಗೆಗಿಂತ ನನ್ನ ಬೆರಳಿಗೆ ಮರ್ಯಾದೆ ಹೆಚ್ಚು" ಎನ್ನುತ್ತಿದ್ದೆ. ಅದು ನಿಜವೂ ಹೌದು. ನಿನ್ನ ಚುಕ್ಕಿ ಗೆರೆಗಳನ್ನು ಮಸ್ಕತ್ತಿನವರು ಕೇಳಿ, ನಿಲ್ದಾಣದ ಹೆಸರಾದ ಕರೆಗುರುತು ಬರುವ ಮೊದಲೇ ಇದು ಭೋಜಣ್ಣನ ಕೈ ಎನ್ನುತ್ತಿದ್ದರು. 2013ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ತೊದಲಿತು. ಅಂದಿನಿಂದ ನೀನು ಹಾಜರಿಗೆ ಇಲ್ಲ. ಮೂರು ತಿಂಗಳು ಉತ್ತರಿಸದವರ ಹೆಸರನ್ನು ಹರ್ಬರ್ಟ್ ಕರೆಯುವುದನ್ನೇ ಬಿಡುತ್ತಾನೆ. ಅದು ಬಳಗದ ನಿಯಮ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಸತ್ತರು ಎನ್ನುವುದಿಲ್ಲ, ಕೀಲಿ ಮೌನವಾಯಿತು ಎನ್ನುತ್ತೇವೆ. ಫೆಬ್ರವರಿಯ ಮೊದಲ ಭಾನುವಾರ ಹಿಂದಿನ ವರ್ಷದ ಮೌನ ಕೀಲಿಗಳ ಪಟ್ಟಿ ಓದಿ, ಎರಡು ನಿಮಿಷ ಯಾರೂ ಪ್ರಸಾರ ಮಾಡದೆ ತರಂಗವನ್ನು ಖಾಲಿ ಬಿಡುತ್ತೇವೆ. ಈ ಸಲದ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ನಿನ್ನದು.

ನಾನು ಅಲ್ಲಿದ್ದಿದ್ದರೆ ಆ ಕ್ಷಣವೇ ತಡೆಯುತ್ತಿದ್ದೆ. ಆದರೆ ಇಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಂದರೆ ವಾರದ ಮೊದಲ ಕೆಲಸದ ದಿನ. ಊರಿನ ಒಂಬತ್ತೂವರೆ ಇಲ್ಲಿ ಬೆಳಗಿನ ಏಳು. ಆ ಹೊತ್ತಿಗೆ ನಾನು ಸುಲೈಬಿಯಾದ ಗೋದಾಮಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತಿರುತ್ತೇನೆ. ಸಂಜೆ ಮನೆಗೆ ಬಂದು ಇಮೇಲ್ ತೆರೆದರೆ ಹರ್ಬರ್ಟನ ಸುತ್ತೋಲೆ: ಭೋಜಣ್ಣನ ಕೀಲಿ ಮೌನವಾಯಿತು, ಕುಟುಂಬಕ್ಕೆ ಸಂತಾಪ. ಅಣ್ಣ, ಅದು ಸುಳ್ಳೆಂದು ನನಗೆ ಹೇಗೆ ಗೊತ್ತಾಗಬೇಕು? ಅತ್ತಿಗೆ ಆಸ್ಪತ್ರೆಯ ಗಡಿಬಿಡಿಯಲ್ಲಿ ನನಗೆ ತಿಳಿಸಲು ಮರೆತರು ಎಂದೇ ಅಂದುಕೊಂಡೆ. ನಂಬರು ಒತ್ತುವಾಗ ಮೂರು ಸಲ ತಪ್ಪಿತು. ಅತ್ತಿಗೆ ಎತ್ತಿದರು. ಅಣ್ಣ ಎಲ್ಲಿ ಎಂದೆ. "ಇಲ್ಲೇ ಇದ್ದಾರಲ್ಲ, ಬಸಳೆ ದಂಟು ತುಂಡು ಮಾಡ್ತಾ ಇದ್ದಾರೆ ಎಡಗೈಯಲ್ಲಿ. ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ. ಎಂತ, ನೀವು ಅಳ್ತಾ ಇದ್ದೀರಾ?" ಎಂದರು. ಶೀತ ಎಂದೆ. ಆ ಬಸಳೆ ಸಾರಿನ ಋಣ ನನ್ನ ಮೇಲಿದೆ. ನಿಮಗಿಬ್ಬರಿಗೂ ಈ ಕಾಗದ ತಲುಪುವವರೆಗೆ ಅತ್ತಿಗೆಗೆ ವಿಷಯ ತಿಳಿಯುವುದು ಬೇಡ ಎಂದು ಸುಮ್ಮನಿದ್ದೆ. ಇನ್ನು ನೀನೇ ಹೇಳು.

ದುಃಖ ಇಳಿದ ಮೇಲೆ ಸಿಟ್ಟು ಏರಿತು. ಹರ್ಬರ್ಟನಿಗೆ ಮೂರು ಪುಟ ಬರೆದೆ. ಸತ್ತವರ ಪಟ್ಟಿ ಮಾಡುವವನು ಮೊದಲು ಅವರ ಮನೆಯ ಬಾಗಿಲು ತಟ್ಟಬೇಕು ಎಂದೆ. ನಲವತ್ತು ಜನ ಕಿವಿಗೊಟ್ಟು ಕುಳಿತಿದ್ದರಲ್ಲ, ಭೋಜಣ್ಣ ಯಾವಾಗ ಹೋದರು, ಹೇಗೆ ಹೋದರು ಎಂದು ಒಬ್ಬನೂ ಯಾಕೆ ಕೇಳಲಿಲ್ಲ ಎಂದೆ. ವರ್ಷದಿಂದ ಮಾತಾಡದವನು ಸತ್ತೇ ಇರುತ್ತಾನೆ ಎಂದು ಒಪ್ಪಿಕೊಳ್ಳುವುದು ಇಷ್ಟು ಸುಲಭವೋ ಎಂದು ಕೇಳಿದೆ. ಲಿಖಿತ ಕ್ಷಮಾಪಣೆ ಬೇಕು, ಸುತ್ತೋಲೆಯಲ್ಲಿ ಮೊದಲ ಪುಟದಲ್ಲಿ ಬೇಕು ಎಂದೆ. ಒಂದು ಗಂಟೆಯೊಳಗೆ ಉತ್ತರ ಬಂತು. ಎರಡೇ ಸಾಲು. "ಸದಾನಂದಣ್ಣ, ಪಟ್ಟಿ ನೀವು ಕಳಿಸಿದ್ದು. ನಾನು ಓದಿದ್ದು ಮಾತ್ರ. ಗುರುತು ಹಾಕಿದ್ದು ಡಿಸೆಂಬರ್ 27, ಸಂಜೆ 6.12, ನಿಮ್ಮ ಕಂಪ್ಯೂಟರಿನಿಂದ."

ಹೌದು, ಅಣ್ಣ. ನಿನ್ನನ್ನು ಕೊಂದವನು ನಾನು.

ಬಳಗದ ಸದಸ್ಯರ ದಾಖಲೆಯನ್ನು 1998ರಿಂದ ನೋಡಿಕೊಳ್ಳುತ್ತಿರುವುದು ನಾನೇ ಎಂಬುದು ನಿನಗೆ ತಿಳಿದೇ ಇದೆ. ಈಗ ಅದು ಹೇಗಾಯಿತು ಎಂದು ಹೇಳುತ್ತೇನೆ. ನವೆಂಬರಿನಲ್ಲಿ ನನಗೆ ಅರವತ್ತು ತುಂಬಿದಾಗ ಮಗಳು ತೃಪ್ತಿ ಒಂದು ಮಾನಿಟರ್ ಉಡುಗೊರೆ ಕೊಟ್ಟಳು. ಇಪ್ಪತ್ತೆಂಟು ಇಂಚು. ನಮ್ಮ ಹಳೆಯದಕ್ಕಿಂತ ಆರೇಳು ಪಟ್ಟು ಹೆಚ್ಚು ಚುಕ್ಕಿಗಳು ಅದರಲ್ಲಿ ಇವೆಯಂತೆ. "ಪಪ್ಪಾ, ಇಟ್ಸ್ ಫೋರ್ ಕೆ, ಯೂ ಡಿಸರ್ವ್ ಇಟ್" ಎಂದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರಿಸುವುದು, ನಿನಗೆ ಗೊತ್ತಲ್ಲ. ನೌಷಾದ್ ಬಂದು ಜೋಡಿಸಿದ. ನಿಜ ಹೇಳುತ್ತೇನೆ, ಮೊದಲ ದಿನ ನಾನು ಊಟಕ್ಕೆ ಏಳಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಜೊತೆ ಕಟ್ಟಿದ ನನ್ನ ಆಂಟೆನಾ ತಂತಿಗೆ ಎಷ್ಟು ನಿಲ್ದಾಣ ಸಿಕ್ಕುತ್ತವೋ ಅಷ್ಟೂ ಪರದೆಯ ಮೇಲೆ ಜಲಪಾತದ ಹಾಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಮಾತು ಅಗಲವಾದ ಮಂಜಿನ ಪಟ್ಟಿ, ಮೋರ್ಸ್ ಎಂದರೆ ಸಣ್ಣ ಸಣ್ಣ ತುಂಡು ಗೆರೆ. ಹಳೆಯ ಪರದೆಯಲ್ಲಿ ಇಡೀ ತರಂಗಪಟ್ಟಿಯನ್ನು ಒಟ್ಟಿಗೆ ತೋರಿಸಿದರೆ ಎಲ್ಲವೂ ಕಲಸಿ ಬೂದುಬಣ್ಣದ ಗಂಜಿ. ಇದರಲ್ಲಿ ಒಂದು ಕೂದಲಿನಷ್ಟು ತೆಳ್ಳಗಿನ ಸಿಗ್ನಲ್ ಕೂಡ ಬೇರೆಯಾಗಿ ಕಾಣುತ್ತದೆ. ನೀನು ಪಕ್ಕದಲ್ಲಿರಬೇಕಿತ್ತು.

ಆದರೆ ಸದಸ್ಯರ ದಾಖಲೆಯ ಸಾಫ್ಟ್‌ವೇರ್ ಹದಿನೇಳು ವರ್ಷ ಹಳೆಯದು. ಅದಕ್ಕೆ ಇಷ್ಟು ಸೂಕ್ಷ್ಮ ಪರದೆಯ ಅಂದಾಜೇ ಇಲ್ಲ. ಒಂದು ಅಕ್ಷರಕ್ಕೆ ಅಂದು ಎಷ್ಟು ಚುಕ್ಕಿ ಇಟ್ಟಿದ್ದರೋ ಇಂದೂ ಅಷ್ಟೇ ಇಡುತ್ತದೆ. ಚುಕ್ಕಿಗಳೇ ಕುಗ್ಗಿದ ಮೇಲೆ ಅಕ್ಷರ ಸಾಸಿವೆಯಾಗುತ್ತದೆ. ದೊಡ್ಡದು ಮಾಡಿದರೆ ಕಿಟಕಿಯ ಅರ್ಧಭಾಗವೇ ಪರದೆಯಾಚೆ ಹೋಗಿ, ಉಳಿಸುವ ಗುಂಡಿಯೇ ಕಾಣುವುದಿಲ್ಲ. "ಸದಾಣ್ಣ, ಹಳೆ ಸಾಫ್ಟ್‌ವೇರಿಗೆ ಹಳೆ ಪರದೆಯೇ ಇರ್ಲಿ, ಎರಡನ್ನೂ ಇಟ್ಕೊಳ್ಳಿ" ಎಂದ ನೌಷಾದ್. ನಾನು ಕೇಳಲಿಲ್ಲ. ಮಗಳು ಕೊಟ್ಟದ್ದರ ಪಕ್ಕ ಆ ಹಳೆಯ ಡಬ್ಬ ಇಡುವುದೇ ಎಂದೆ. "ಹಾಗಾದ್ರೆ ಒಂದು ಭೂತಗನ್ನಡಿ ತಗೊಳ್ಳಿ, ಚಿನ್ನದ ಅಂಗಡಿಯವ್ರು ಇಟ್ಕೊಳ್ತಾರಲ್ಲ, ಅದು. ಯಲ್ಲಾ, ನಾನು ಹೊರಟೆ" ಎಂದು ನಗುತ್ತಾ ಹೋದ. ನಾನು ನಿಜಕ್ಕೂ ಕೊಂಡೆ. ಆ ಗಾಜು ಹಿಡಿದುಕೊಂಡೇ ಡಿಸೆಂಬರ್ 27ರಂದು ಕುಳಿತದ್ದು. ನಮ್ಮ ಆಂಥೋನಿ ಮಾಸ್ತರರು ಗೋವಾದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿ ಕಾರ್ಮೆಲ್ ಬಾಯಿ ನನಗೊಬ್ಬನಿಗೇ ತಿಳಿಸಿದ್ದರು. ಅವರ ಸಾಲಿನ ಕೊನೆಯ ಚೌಕದಲ್ಲಿ ಗುರುತು ಹಾಕಬೇಕಿತ್ತು. ನಿಮ್ಮಿಬ್ಬರ ಕರೆಗುರುತುಗಳು ಒಂದರ ಕೆಳಗೆ ಒಂದು. ಗಾಜನ್ನು ಹೆಸರಿನ ಮೇಲೆ ಇಟ್ಟು ಓದಿದೆ, ಆಮೇಲೆ ಸಾಲಿನುದ್ದಕ್ಕೆ ಬಲಕ್ಕೆ ಸರಿಸಿಕೊಂಡು ಹೋದೆ. ಒಂದೂವರೆ ಗೇಣಿನ ಆ ದಾರಿಯಲ್ಲಿ ಎಲ್ಲೋ ಕೈ ಒಂದು ಸಾಲು ಮೇಲೇರಿತು. ಚೌಕ ಒತ್ತಿದೆ. ಆಂಥೋನಿ ಮಾಸ್ತರರ ಆತ್ಮಕ್ಕೆ ಶಾಂತಿ ಕೋರಿ ಚಹಾ ಕುಡಿಯಲು ಎದ್ದೆ. ಗುರುತು ಬಿದ್ದವರ ಪಟ್ಟಿ ಜನವರಿ ಕೊನೆಗೆ ನನ್ನ ಹೆಸರಿನಲ್ಲಿ ತಾನಾಗಿಯೇ ಹರ್ಬರ್ಟನಿಗೆ ಹೋಗುತ್ತದೆ, ಅದನ್ನು ನಾನು ತೆರೆದೂ ನೋಡಲಿಲ್ಲ.

ನನ್ನ ತಪ್ಪಿಗೆ ಇನ್ನೊಂದು ತುದಿಯೂ ಇದೆ. ದಾಖಲೆಯಲ್ಲಿ ಮಾಸ್ತರರು ಇನ್ನೂ ಜೀವಂತ ಇದ್ದಾರಲ್ಲ, ಫೆಬ್ರವರಿ ಮೂರಕ್ಕೆ ಅವರ ಹುಟ್ಟಿದ ದಿನವೆಂದು ಕಂಪ್ಯೂಟರ್ ತಾನಾಗಿಯೇ ಶುಭಾಶಯ ಕಳಿಸಿತು: ಭಾನುವಾರ ನಿಮಗಾಗಿ ಕಾಯುತ್ತೇವೆ, ತಪ್ಪದೆ ಬನ್ನಿ. ಕಾರ್ಮೆಲ್ ಬಾಯಿ ಫೋನು ಮಾಡಿದರು. ಬೈಯುತ್ತಾರೆ ಎಂದು ಕಾದೆ. ಅವರು ಮೆಲ್ಲಗೆ ಹೇಳಿದ್ದು ಇಷ್ಟು: "ಅವರಿಗೆ ಕಾಯುವವರ ಸಾಲಿನಲ್ಲಿ ನಾನು ಮೊದಲೇ ನಿಂತಿದ್ದೇನೆ ಸದಾನಂದ. ನೀವೆಲ್ಲ ನನ್ನ ಹಿಂದೆ ನಿಲ್ಲಿ." ಫೋನಿಟ್ಟು ಮೊದಲು ಮಾಸ್ತರರ ಚೌಕ ತಿದ್ದಿದೆ, ಆಮೇಲೆ ನಿನ್ನದು. ಹರ್ಬರ್ಟನಿಗೆ ಕ್ಷಮೆ ಕೇಳಿ ಬರೆದೆ. ಅವನು ದೊಡ್ಡ ಮನುಷ್ಯ, ಒಂದು ನಗುವ ಮುಖ ಕಳಿಸಿ ಸುಮ್ಮನಾದ.

ಅಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. 1990ರ ಆಗಸ್ಟ್ ನೆನಪಿದೆಯೇ? ನನಗೆ ಮರೆಯುವುದಿಲ್ಲ. ಇರಾಕಿ ಸೈನ್ಯ ಇಲ್ಲಿಗೆ ನುಗ್ಗಿತ್ತು. ನಾನು ಕಂಡವರ ಲಾರಿ ಹತ್ತಿ ಜೋರ್ಡಾನ್ ಗಡಿಯ ಡೇರೆಗಳಲ್ಲಿ ಬಿದ್ದಿದ್ದೆ. ಊರಿನಲ್ಲಿ ಯಾರೋ ನಮ್ಮ ಕಟ್ಟಡ ಸುಟ್ಟುಹೋಯಿತು, ಸದಾನಂದ ಉಳಿದಿಲ್ಲ ಎಂದು ಹಬ್ಬಿಸಿದ್ದರು. ಸಾಂತ್ವನ ಹೇಳಲು ಬಂದವರನ್ನು ನೀನು ಗೇಟಿನಲ್ಲೇ ನಿಲ್ಲಿಸಿದೆಯಂತೆ. "ಹೆಣ ಕಂಡವರು ಯಾರು? ಹೆಸರು ಹೇಳಿ, ಆಮೇಲೆ ಒಳಗೆ ಬನ್ನಿ" ಎಂದೆಯಂತೆ. ಹದಿನೇಳು ದಿನ ತಂತಿ ಕಚೇರಿಗೆ ರಜೆ ಹಾಕಿ ರೇಡಿಯೊ ಮುಂದೆ ಕುಳಿತೆಯಂತೆ. ಅಮ್ಮಾನಿನ ಒಬ್ಬ ಅಪರಿಚಿತ ಹವ್ಯಾಸಿ ಡೇರೆಗಳಲ್ಲಿದ್ದವರ ಹೆಸರು ಓದುವಾಗ ನನ್ನದು ಬರುವವರೆಗೆ ಎದ್ದಿಲ್ಲ. ತಮ್ಮನ ಸಾವಿಗೆ ಸಾಕ್ಷಿ ಕೇಳಿದ ಮನುಷ್ಯ ತನ್ನ ಸಾವಿನ ಸುದ್ದಿಗೆ ಯಾಕೆ ಏನೂ ಕೇಳಲಿಲ್ಲ? ನೀನು ಅಂದು ರೇಡಿಯೊ ಹಚ್ಚಿರಲೇ ಇಲ್ಲವೋ ಎಂದು ಸಂಶಯ ಬಂತು. ಅತ್ತಿಗೆಯನ್ನು ಸುತ್ತಿ ಬಳಸಿ ಕೇಳಿದೆ. "ಅಯ್ಯೋ, ಭಾನುವಾರ ಒಂಬತ್ತೂವರೆ ಆದ್ರೆ ಕಿವಿಗೆ ಅದನ್ನು ಹಾಕ್ಕೊಂಡು ಕೂತ್ಕೊಳ್ತಾರೆ. ಒಂದು ವಾರವೂ ತಪ್ಪಿಸ್ಲಿಲ್ಲ. ಮನೆಗೆ ಬೆಂಕಿ ಬಿದ್ರೂ ಏಳ್ಲಿಕ್ಕಿಲ್ಲ" ಎಂದರು.

ಹಾಗಾದರೆ ನೀನು ಕೇಳಿದ್ದೀ. ನಾನು ಬಸ್ಸಿನಲ್ಲಿರುವ ಹೊತ್ತಿಗೆ ಭಾನುವಾರದ ಕೂಟ ತಪ್ಪದಿರಲೆಂದು ನನ್ನ ಕಂಪ್ಯೂಟರ್ ಇಡೀ ತರಂಗಪಟ್ಟಿಯನ್ನು ದಾಖಲಿಸಿಟ್ಟುಕೊಳ್ಳುತ್ತದೆ. ಕಳೆದ ಶುಕ್ರವಾರ ಮಧ್ಯಾಹ್ನ ಆ ದಾಖಲೆಯನ್ನು ಹೊಸ ಪರದೆಯ ಮೇಲೆ ಹರಿಯಬಿಟ್ಟೆ. ಹರ್ಬರ್ಟನ ಮಾತಿನ ಅಗಲ ಪಟ್ಟಿ ಇಳಿಯಿತು, ನಿಂತಿತು. ಆಮೇಲೆ ಖಾಲಿ. ಕಪ್ಪು ನೀರಿನ ಹಾಗೆ ಖಾಲಿ. ಕಿವಿಯಲ್ಲಿ ಏನೂ ಇಲ್ಲ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಅಂಚಿನಲ್ಲಿ ಏನೋ ಮಿಣುಕಿತು. ಹಿಂದೆ ತಂದು ಮತ್ತೆ ನೋಡಿದೆ. ಭೂತಗನ್ನಡಿ ಬೇಕಾಗಲಿಲ್ಲ. ಮೂರು ಚುಕ್ಕಿ. ನಾಲ್ಕನೆಯದು ಗೆರೆಯಾಗಬೇಕಿತ್ತು, ನಮ್ಮ ದೇಶದ ಕರೆಗುರುತು ಆರಂಭವಾಗುವ ‘ವಿ’ ಅಕ್ಷರ ಅದೇ ತಾನೇ. ಆ ಗೆರೆ ಅರ್ಧಕ್ಕೆ ನಿಂತಿತು. ಪ್ರತಿ ಚುಕ್ಕಿಯ ತಲೆಯಲ್ಲಿ ಗಾಳದ ಮುಳ್ಳಿನಂಥ ಒಂದು ಸಣ್ಣ ಕೊಕ್ಕೆ. ಕೀಲಿ ಒತ್ತಿದ ಕೂಡಲೇ ತರಂಗ ಒಂದಿಷ್ಟು ಜಾರಿ ಆಮೇಲೆ ನೆಟ್ಟಗಾಗುವ ಪ್ರಸಾರ ಯಂತ್ರ ಈ ಭೂಮಿಯ ಮೇಲೆ ನನಗೆ ಗೊತ್ತಿರುವುದು ಒಂದೇ. ಅತ್ತಿಗೆಯ ಬಿಸ್ಕತ್ ಡಬ್ಬದೊಳಗೆ ನೀನು ಕಟ್ಟಿದ್ದು. "ಭೋಜಣ್ಣನ ಸಿಗ್ನಲಿಗೆ ಸೊಂಟ ಉಳುಕಿದೆ" ಎಂದು ಹರ್ಬರ್ಟ್ ಎಷ್ಟು ಸಲ ತಮಾಷೆ ಮಾಡಿದರೂ ಸರಿಪಡಿಸದೆ ಬಿಟ್ಟದ್ದು. ಯಂತ್ರ ನಿನ್ನದೇ, ಆದರೆ ಕೈ ನಿನ್ನದಾಗಿರಲಿಲ್ಲ. ಒಂದು ಚುಕ್ಕಿ ಗಿಡ್ಡ, ಒಂದು ಉದ್ದ, ನಡುವಿನ ಅಂತರ ಕುಡುಕನ ನಡಿಗೆ. ಎಡಗೈ.

ಆಗ ನನಗೆ ಅರ್ಥವಾಯಿತು. ನಲವತ್ತು ಜನ ನಿನ್ನ ಆ ಸುಂದರ ಕೈಯನ್ನು ನೆನೆದು ಮೌನವಾಗಿದ್ದಾಗ, ಈ ಸೊಟ್ಟ ಕೈಯನ್ನು ಅವರಿಗೆ ಕೇಳಿಸಲು ನಿನಗೆ ಮನಸ್ಸು ಬರಲಿಲ್ಲ. ಸತ್ತವನಾಗಿ ಮರ್ಯಾದೆ ಉಳಿಸಿಕೊಳ್ಳುವುದೇ ವಾಸಿ ಎನಿಸಿತು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಎಂದು ಬರೆಯಲಾರೆ. ನಾನು ಹತ್ತೊಂಬತ್ತು ವರ್ಷದವನಿದ್ದಾಗ ಸ್ಟೀಲಿನ ಲೋಟದ ಮೇಲೆ ಚಮಚ ಬಡಿದು ನನಗೆ ಮೋರ್ಸ್ ಕಲಿಸಿದವನು ನೀನು. ಮೊದಲ ಸಲ ಪ್ರಸಾರಕ್ಕೆ ಕೂರಿಸಿದ ದಿನ ನಾನು ಹೆದರಿ, ಇನ್ನೂ ಕೈ ಕುದುರಲಿ, ಆಮೇಲೆ ಎಂದೆ. "ನಿನ್ನದು ಕುಂಟುಕೋಳಿಯ ಕೈ, ಅದು ಇಡೀ ಊರಿಗೆ ಗೊತ್ತು. ಈಗ ಒತ್ತು" ಎಂದು ನೀನು ಬೆನ್ನಿಗೆ ಗುದ್ದಿದೆ. ನಾನು ಒತ್ತಿದೆ. ಯಾರೂ ನಗಲಿಲ್ಲ. ಕೊಚ್ಚಿಯಿಂದ ಒಬ್ಬರು ತಮ್ಮ ವೇಗ ತಗ್ಗಿಸಿಕೊಂಡು, ನನ್ನ ನಡಿಗೆಗೆ ಸರಿಯಾಗಿ ಉತ್ತರ ಕೊಟ್ಟರು. ನಮ್ಮ ಹವ್ಯಾಸದ ಒಳ್ಳೆಯತನವೆಲ್ಲ ಅದರಲ್ಲೇ ಇದೆ ಎಂದು ಅಂದು ನೀನೇ ಹೇಳಿದ್ದು. ನಿಧಾನವಾಗಿ ಕಳಿಸುವವನಿಗೆ ಬೇಗ ಬಲ್ಲವನು ನಿಧಾನವಾಗಿಯೇ ಉತ್ತರಿಸಬೇಕು.

ಇಲ್ಲಿ ಎಲ್ಲರೂ ಕ್ಷೇಮ. ಚಳಿ ಇಳಿಯುತ್ತಿದೆ, ಧೂಳು ಏಳುತ್ತಿದೆ. ಇವಳು ನಿನಗೆಂದು ಖರ್ಜೂರ ಇಟ್ಟಿದ್ದಾಳೆ, ಮೆತ್ತಗಿನದು, ಅಗಿಯಲು ಸುಲಭ, ದಾಸವಾಳಕ್ಕೆ ಕೊಡಬೇಡ. ತೃಪ್ತಿ ದೊಡ್ಡಪ್ಪನಿಗೆ ಮುತ್ತು ಕಳಿಸಿದ್ದಾಳೆ, ಅದನ್ನಾದರೂ ಕನ್ನಡದಲ್ಲಿ ಹೇಳು ಎಂದೆ, ಹೇಳಿದಳು. ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಕಾಲಿಗೆ ಬಿದ್ದು ಕೇಳುತ್ತೇನೆ, ನನ್ನ ತಪ್ಪನ್ನು ಕ್ಷಮಿಸು, ನಿನ್ನ ಆಶೀರ್ವಾದ ಎಂದಿನಂತೆ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ಸದಾನಂದ

ತಾ.ಕ.: ನೌಷಾದ್ ಕೆಳಗೆ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹರ್ಬರ್ಟ್ ತಿದ್ದುಪಡಿಯ ಸುತ್ತೋಲೆ ಸಿದ್ಧ ಮಾಡಿದ್ದ, ಕಳಿಸಬೇಡ ಎಂದು ನಾನೇ ತಡೆದಿದ್ದೇನೆ. ಫೆಬ್ರವರಿ 22, ಭಾನುವಾರಕ್ಕೆ ಅರ್ಧ ದಿನ ರಜೆ ಪಡೆದಿದ್ದೇನೆ. ಮನೆಯಲ್ಲಿ ನನಗೆ ಕೇಳುವುದಕ್ಕಷ್ಟೇ ಅನುಕೂಲ; ಅಂದು ಇಲ್ಲಿನ ಹವ್ಯಾಸಿಗಳ ಸಂಘದ ಕೊಠಡಿಯಿಂದ ಪ್ರಸಾರಕ್ಕೆ ಕೂರುತ್ತೇನೆ. ಹಾಜರಿ ಮುಗಿದ ಮೇಲೆ ಮೊದಲು ನನ್ನ ತಪ್ಪೊಪ್ಪಿಗೆ ಓದುತ್ತೇನೆ, ತಾರೀಖು, ಗಂಟೆ, ಭೂತಗನ್ನಡಿ ಸಮೇತ. ಆಮೇಲೆ ನಿನ್ನನ್ನು ಹೆಸರು ಹಿಡಿದು ಒಂದೇ ಪ್ರಶ್ನೆ ಕೇಳುತ್ತೇನೆ: ಆ ಗೆರೆಯನ್ನು ಯಾಕೆ ಅರ್ಧಕ್ಕೆ ಬಿಟ್ಟೆ? ಅತ್ತಿಗೆಯ ಬಾಯಿಂದ ಉತ್ತರ ಬೇಡ, ಕಾಗದದಲ್ಲೂ ಬೇಡ. ಎಡಗೈಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ನಿಮಿಷ ಹಿಡಿಯಲಿ, ನಾವು ಬರೆದುಕೊಳ್ಳುತ್ತೇವೆ. ನಲವತ್ತು ಜನರೆದುರು, ಅದೇ ತರಂಗದಲ್ಲಿ, ನೀನು ಉತ್ತರ ಕೊಡಬೇಕು.